ಆಯುಧಪೂಜೆಯ ದಿನವೇ ಹೊಸ ಕೋಡು

ಪೆರ್ಲ, 28 ಸೆಪ್ಟೆಂಬರ್ 2025, ಆದಿತ್ಯವಾರ

ಬರುವ ಬುಧವಾರ ಆಯುಧಪೂಜೆ. ಈ ಸಲ ಅಕ್ಟೋಬರ್ 1 ಕೂಡ ಅದೇ ದಿನ ಬಿದ್ದಿದೆ, ಅಂದರೆ ಅಮೆರಿಕದ ಆಸ್ಪತ್ರೆ ಬಿಲ್ಲುಗಳಲ್ಲಿ ರೋಗನಿರ್ಣಯಕ್ಕೆ ಹಾಕುವ ಕೋಡುಗಳು ಬದಲಾಗುವ ದಿನ. ಅಲ್ಲಿನ ರೋಗಿಗಳ ದಾಖಲೆ, ಅಂದರೆ ಚಾರ್ಟ್, ಓದಿ ಆ ಕೋಡು ಹಾಕುವ ಕೋಡರುಗಳು ನಾವು. ರೈಲು ಹತ್ತಿ ಮಂಗಳೂರಿಗೆ ಹೋಗಿಬರುವವರಿಗೂ ಇಲ್ಲೇ ಮನೆಯಲ್ಲಿ ಕೂತು ಚಾರ್ಟ್ ನೋಡುವವರಿಗೂ ಈ ವಾರ ಅದೇ ಚಿಂತೆ. ಸಂಜೆ ಚಿಕ್ಕಮ್ಮನ ಮಗಳ ಫೋನು. ಈ ಕೆಲಸದಲ್ಲಿ ಅವಳಿಗಿದು ಮೊದಲ ಅಕ್ಟೋಬರ್.

"ಅಕ್ಕಾ, 487 ಹೊಸ ಕೋಡು ಉಂಟಂತೆ. ಬಾಯಿಪಾಠ ಮಾಡಬೇಕಾ?"

ಬೇಡ ಮಾರಾಯ್ತಿ, ಅಂದೆ. 487 ಹೊಸತು, 38 ತಿದ್ದಿದ್ದು, 28 ಅಳಿಸಿದ್ದು. ಬುಧವಾರದಿಂದ ಅಮೆರಿಕದ ರೋಗಕೋಡುಗಳ ಪಟ್ಟಿ ಐಸಿಡಿ-10-ಸಿಎಂನಲ್ಲಿ ಒಟ್ಟು 74,719 ಕೋಡುಗಳು. ಹೊಸ ಕೋಡನ್ನು ಕೋಡು ಹುಡುಕಿಕೊಡುವ ತಂತ್ರಾಂಶವಾದ ಎನ್‌ಕೋಡರ್ ಹೇಗೂ ತೋರಿಸುತ್ತದೆ. ತಾಪತ್ರಯ ಇರುವುದು ಆ 28ರಲ್ಲಿ. ನಿನ್ನೆಯವರೆಗೆ ಸರಿಯಿದ್ದು ಬೆರಳಿಗೆ ಒಗ್ಗಿಹೋದ ಕೋಡು ಬುಧವಾರದಿಂದ ಅಮಾನ್ಯ. 2021ರ ಅಕ್ಟೋಬರಿನಲ್ಲಿ ಸೊಂಟನೋವಿನ ಎಂ54.5 ಹೋದಾಗ ಆದದ್ದು ಇದೇ. ಅದರ ಜಾಗಕ್ಕೆ ಎಂ54.50, ಎಂ54.51, ಎಂ54.59 ಬಂದವು. ಹಳೆಯದನ್ನೇ ಒತ್ತಿದವರ ಬಿಲ್ಲು ವಿಮಾ ಕಂಪೆನಿಯವರೆಗೂ ಹೋಗದೆ ನಡುದಾರಿಯಿಂದಲೇ ವಾಪಸು ಬಂತು. ಕೆಮ್ಮಿನ ಆರ್05 ಒಡೆದದ್ದೂ ಆ ವರ್ಷವೇ.

ಈ ವರ್ಷ ಆ ಸರದಿ ಮಿದುಳು, ಬೆನ್ನುಹುರಿಯ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನದ್ದು. ಇಷ್ಟು ಕಾಲ ಮೂರೇ ಅಕ್ಷರ, ಜಿ35. ಇನ್ನು ಮೇಲೆ ಅದು ಬರೀ ತಲೆಬರಹ, ಬಿಲ್ಲಿಗೆ ನಡೆಯದು. ಬಂದು ಹೋಗುವ ಬಗೆಗೆ ಜಿ35.ಎ. ಮೊದಲಿನಿಂದಲೇ ಏರುತ್ತಾ ಹೋಗುವ ಬಗೆಗೆ ಜಿ35.ಬಿ0, ಬಿ1, ಬಿ2. ಆಮೇಲೆ ಏರುವ ಬಗೆಗೆ ಸಿ0, ಸಿ1, ಸಿ2. ಏನೂ ಹೇಳದಿದ್ದರೆ ಜಿ35.ಡಿ. ಸೊನ್ನೆ ಅಂದರೆ ಬಿಡಿಸಿ ಹೇಳಿಲ್ಲ, ಒಂದು ಅಂದರೆ ಸಕ್ರಿಯ, ಎರಡು ಅಂದರೆ ಸಕ್ರಿಯವಲ್ಲ.

"ಔಷಧಿ ನೋಡಿದರೆ ಯಾವ ಬಗೆ ಅಂತ ಗೊತ್ತಾಗುವುದಿಲ್ವಾ?"

ಗೊತ್ತಾಗುವುದಿಲ್ಲ. ಓಕ್ರೆಲಿಜುಮ್ಯಾಬ್ ಬಂದು ಹೋಗುವ ಬಗೆಗೂ ಕೊಡುತ್ತಾರೆ, ಮೊದಲಿನಿಂದಲೇ ಏರುವ ಬಗೆಗೂ ಕೊಡುತ್ತಾರೆ. ಗೊತ್ತಾಗುವಂತಿದ್ದರೂ ಔಷಧಿಯ ಪಟ್ಟಿಯಿಂದ ರೋಗ ತೀರ್ಮಾನಿಸುವ ಅಧಿಕಾರ ಕೋಡರಿಗಿಲ್ಲ. ಡಾಕ್ಟರು ಬರೀ 'ಎಂಎಸ್' ಅಂತ ಬರೆದಿದ್ದರೆ ಜಿ35.ಡಿ ಹಾಕಬೇಕು, ಇಲ್ಲವೇ ಕ್ವೆರಿ, ಅಂದರೆ ಡಾಕ್ಟರಿಗೇ ಲಿಖಿತ ಪ್ರಶ್ನೆ, ಕಳಿಸಬೇಕು. ಕ್ವೆರಿಯಲ್ಲಿ ಆಯ್ಕೆಗಳ ಜೊತೆ 'ಬೇರೆ' ಮತ್ತು 'ಹೇಳಲಾಗದು' ಎಂಬ ಎರಡೂ ಇರಬೇಕು. ಯಾವ ಉತ್ತರಕ್ಕೆ ಎಷ್ಟು ಹಣ ಬರುತ್ತದೆ ಎಂಬ ಸುಳಿವು ಎಲ್ಲೂ ಇರಕೂಡದು.

ಕಿಬ್ಬೊಟ್ಟೆಯ (ಪೆಲ್ವಿಕ್) ನೋವಿನ ಆರ್10.2 ಕೂಡ ಒಡೆದಿದೆ. ಆರ್10.20 ಯಾವ ಬದಿಯೆಂದು ಹೇಳದ್ದು, 21 ಬಲ, 22 ಎಡ, 23 ಎರಡೂ ಬದಿ, 24 ಗುಹ್ಯಾಸ್ಥಿಯ ಮೇಲ್ಭಾಗದ ನೋವು. ಪಕ್ಕೆ ಕೆಳಗಿನ ನೋವಿಗೆ ಇದುವರೆಗೆ ಸ್ವಂತ ಜಾಗವೇ ಇರಲಿಲ್ಲ, ಸುಮ್ಮನೆ ಹೊಟ್ಟೆನೋವಿನ ಲೆಕ್ಕಕ್ಕೆ ಸೇರುತ್ತಿತ್ತು. ಈಗ ಆರ್10.ಎ1 ಬಲಕ್ಕೆ, ಎ2 ಎಡಕ್ಕೆ, ಎ3 ಎರಡಕ್ಕೂ, ಎ0 ಬದಿ ತಿಳಿಯದಾಗ. ಕಿಡ್ನಿ ಕಲ್ಲಿನ ಅನುಮಾನದಲ್ಲಿ ಸ್ಕ್ಯಾನಿಗೆ ಬಂದವರ ಚಾರ್ಟುಗಳಲ್ಲಿ ಇದು ದಿನಾ ಸಿಗುವ ಕೋಡಾಗುತ್ತದೆ. ಎಮರ್ಜೆನ್ಸಿ ಚಾರ್ಟ್ ಮಾಡುವವರು ಇದೊಂದನ್ನು ಮಾತ್ರ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಅಷ್ಟರಲ್ಲಿ ಅವಳು ಕೇಳಿದ ಪ್ರಶ್ನೆಯೇ ಇವತ್ತು ಇದನ್ನು ಬರೆಯಲು ಕಾರಣ.

"ನಮ್ಮದು ಹತ್ತು ದಿವಸದ ಚಾರ್ಟ್ ಬಾಕಿ ಉಂಟಕ್ಕಾ. ಗುರುವಾರ ಕೂತು ಸೆಪ್ಟೆಂಬರಿನ ಚಾರ್ಟ್ ಮಾಡುವಾಗ ಹೊಸ ಕೋಡೇ ಅಲ್ವಾ ಹಾಕುವುದು?"

ಅಲ್ಲ. ಕೋಡರು ಯಾವತ್ತು ಕೂತರೆಂಬುದು ಲೆಕ್ಕಕ್ಕೇ ಬರುವುದಿಲ್ಲ. ಹೊರರೋಗಿಯಾದರೆ ಸೇವೆ ಕೊಟ್ಟ ದಿನಾಂಕ, ಒಳರೋಗಿಯಾದರೆ ಬಿಡುಗಡೆಯ ದಿನಾಂಕ. ಸೆಪ್ಟೆಂಬರ್ 26ರಂದು ಕ್ಲಿನಿಕ್ಕಿಗೆ ಬಂದವರ ಚಾರ್ಟನ್ನು ಅಕ್ಟೋಬರ್ 10ಕ್ಕೆ ತೆರೆದರೂ ಜಿ35ನ್ನೇ ಹಾಕಬೇಕು. ಆ ದಿನಕ್ಕೆ ಜಿ35.ಡಿ ಹುಟ್ಟಿರಲಿಲ್ಲ. ಸೆಪ್ಟೆಂಬರ್ 27ಕ್ಕೆ ಸೇರಿ ಅಕ್ಟೋಬರ್ 2ಕ್ಕೆ ಬಿಡುಗಡೆಯಾದವರಿಗೆ, ಮೊದಲ ನಾಲ್ಕು ದಿನ ಹಳೆಯ ವರ್ಷದಲ್ಲೇ ಕಳೆದಿದ್ದರೂ, ಇಡೀ ವಾಸ್ತವ್ಯಕ್ಕೆ ಹೊಸ ಕೋಡು. ಆಗಸ್ಟಿನ ಬಿಲ್ಲು ತಿರಸ್ಕಾರವಾಗಿ ನವೆಂಬರಿನಲ್ಲಿ ತಿದ್ದಲು ಬಂದರೂ ಆಗಸ್ಟಿನ ಪಟ್ಟಿಯೇ. ಹಿಂದೆ ತೊಂಬತ್ತು ದಿನ ಎರಡೂ ನಡೆಯುವ ಸಡಿಲಿಕೆ ಇತ್ತು. 2004ರ ಅಕ್ಟೋಬರಿನಿಂದ ಅದನ್ನು ತೆಗೆದುಬಿಟ್ಟರು.

ಹಾಗಾಗಿ ಅಕ್ಟೋಬರ್ ಪೂರ್ತಿ, ಕೆಲವು ಕಡೆ ಡಿಸೆಂಬರಿನವರೆಗೂ, ಎರಡು ಪಟ್ಟಿಗಳು ಒಟ್ಟಿಗೆ ಬೇಕು. ಹಳೆಯ ಪುಸ್ತಕವನ್ನು ಗುಜರಿಗೆ ಹಾಕಬೇಡ, ಹಳೆಯ ಫೈಲನ್ನು ಅಳಿಸಬೇಡ ಎಂದೆ. ಚಾರ್ಟ್ ತೆರೆದ ಕೂಡಲೇ ಮೊದಲು ದಿನಾಂಕ ನೋಡುವುದು, ಎನ್‌ಕೋಡರಿನ ದಿನಾಂಕದ ಖಾನೆಯಲ್ಲಿ ಅದನ್ನೇ ತುಂಬುವುದು, ಆಮೇಲೆ ರೋಗದ ಹೆಸರು. ಖಾನೆ ಖಾಲಿ ಬಿಟ್ಟರೆ ಕೆಲವು ಸಾಫ್ಟ್‌ವೇರ್‌ಗಳು ಇವತ್ತಿನ ತಾರೀಕನ್ನೇ ಹಿಡಿದುಕೊಳ್ಳುತ್ತವೆ. ಅಕ್ಟೋಬರಿನ ತಪ್ಪುಗಳಲ್ಲಿ ಬಹಳಷ್ಟು ಹುಟ್ಟುವುದು ಅಲ್ಲೇ.

ಅವಳಿಗೆ ಯೂಟ್ಯೂಬ್ ವೀಡಿಯೊ ಬೇಕಿತ್ತು. ಮೂಲ ಫೈಲುಗಳನ್ನೇ ನೋಡು ಎಂದೆ. ಅಮೆರಿಕದ ರೋಗನಿಯಂತ್ರಣ ಕೇಂದ್ರ ಸಿಡಿಸಿಯ ಅಂಗಸಂಸ್ಥೆ ಎನ್‌ಸಿಎಚ್‌ಎಸ್ ಮತ್ತು ಅಲ್ಲಿನ ಸರಕಾರಿ ಆರೋಗ್ಯ ವಿಮೆ ನೋಡಿಕೊಳ್ಳುವ ಸಿಎಂಎಸ್ ಎರಡರ ತಾಣದಲ್ಲೂ ಅಲ್ಲಿನ ಬೇಸಿಗೆಯಲ್ಲೇ ಹಾಕಿರುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮೊದಲು ಅಡೆಂಡಾ ತೆರೆಯಬೇಕು. ಸೇರಿಸಿದ್ದು, ಅಳಿಸಿದ್ದು, ತಿದ್ದಿದ್ದು ಸಾಲುಸಾಲಾಗಿ ಅದರಲ್ಲಿರುತ್ತದೆ. ಕೋಡು ಇದ್ದ ಹಾಗೆಯೇ ಇದ್ದು ಅದರ ಕೆಳಗಿನ ಸೂಚನೆ ಮಾತ್ರ ಬದಲಾಗಿದ್ದರೆ ಅದನ್ನು ಹೇಳುವುದೂ ಇದೊಂದೇ ಫೈಲು. ಎಕ್ಸ್‌ಕ್ಲೂಡ್ಸ್1 ಎಂಬ ಸೂಚನೆ ಇದ್ದರೆ ಎರಡು ಕೋಡು ಸಾಮಾನ್ಯವಾಗಿ ಒಟ್ಟಿಗೆ ಹಾಕುವಂತಿಲ್ಲ. ಎಕ್ಸ್‌ಕ್ಲೂಡ್ಸ್2 ಆದರೆ, ರೋಗಿಗೆ ಎರಡೂ ಇದ್ದಲ್ಲಿ, ಹಾಕಬಹುದು. ಒಂದು ಸಾಲು 1ರಿಂದ 2ಕ್ಕೆ ದಾಟಿತೆಂದರೆ ನಿನ್ನೆ ಬಿಡಬೇಕಾಗಿದ್ದ ರೋಗವನ್ನು ಇವತ್ತು ಬರೆಯಬೇಕಾಗುತ್ತದೆ. '487 ಹೊಸ ಕೋಡು' ಎಂದು ಲೆಕ್ಕ ಹೇಳುವವರು ಈ ಸಾಲುಗಳ ಸುದ್ದಿಗೇ ಹೋಗುವುದಿಲ್ಲ. ನನಗೆ ಬೇಸರ ಆಗುವುದು ಅದಕ್ಕೇ.

ಎರಡನೆಯದು ಆರ್ಡರ್ ಫೈಲು, ಅಂದರೆ ಎಲ್ಲ ಕೋಡುಗಳ ಪಟ್ಟಿ. ಸಾದಾ ಪಠ್ಯದ ಫೈಲು, ಚುಕ್ಕಿಯಿಲ್ಲದ ಕೋಡು, ಹದಿನೈದನೆಯ ಜಾಗದಲ್ಲಿ 0 ಅಥವಾ 1. 1 ಇದ್ದರೆ ಬಿಲ್ಲಿಗೆ ನಡೆಯುತ್ತದೆ, 0 ಇದ್ದರೆ ಅದು ತಲೆಬರಹ ಮಾತ್ರ. ಹೋದ ವರ್ಷದ ಫೈಲನ್ನೂ ಈ ವರ್ಷದ್ದನ್ನೂ ಎಕ್ಸೆಲ್‌ಗೆ ಹಾಕಿ ಕೋಡಿನ ಮೇಲೆ ವಿ-ಲುಕಪ್ ಮಾಡಿದರೆ ಮುಗಿಯಿತು. 1 ಇದ್ದದ್ದು 0 ಆದವುಗಳನ್ನೂ ಪೂರ್ತಿ ಕಾಣೆಯಾದವುಗಳನ್ನೂ ಬೇರೆ ಹಾಳೆಗೆ ತೆಗೆಯಬೇಕು. ಜಿ35 ಅಲ್ಲಿ ಸಿಗುತ್ತದೆ, ಆರ್102 ಸಿಗುತ್ತದೆ. ತಂಡದ ಮೇಜಿನ ಮೇಲೆ ಅಂಟಿಸಲು ಆ ಒಂದು ಹಾಳೆ ಸಾಕು. ಹೊಸ ಕೋಡು ಹಿಂದೆ ಯಾವುದರೊಳಗೆ ಇತ್ತೆಂದು ನೋಡಲು ಕನ್ವರ್ಷನ್ ಟೇಬಲ್ ಉಂಟು.

ಮೂರನೆಯದು ಮಾರ್ಗಸೂಚಿ. ಪೂರ್ತಿ ಓದಲು ಸಮಯವಿಲ್ಲದಿದ್ದರೆ ದಪ್ಪ ಅಕ್ಷರದ ಸಾಲುಗಳನ್ನಾದರೂ ಓದಬೇಕು, ಈ ವರ್ಷ ಬದಲಾದದ್ದು ಅವು. ಅಡಿಗೆರೆ ಎಳೆದದ್ದು ಜಾಗ ಬದಲಿಸಿದ್ದು ಅಷ್ಟೆ.

ದಪ್ಪ ಅಕ್ಷರದಲ್ಲಿ ಈ ಸಲ ಸಕ್ಕರೆ ಕಾಯಿಲೆಯೂ ಇದೆ. ಇ11.ಎ ಹೊಸತು: ತೊಡಕುಗಳಿಲ್ಲದ, ಔಷಧಿಯಿಲ್ಲದೆ ಹತೋಟಿಯಲ್ಲಿ ಉಳಿದ ಅಂದರೆ ರೆಮಿಷನ್‌ನಲ್ಲಿರುವ ಟೈಪ್ 2. ರೆಮಿಷನ್ ಎಂದು ಡಾಕ್ಟರು ಬರೆದಿರಲೇಬೇಕು. 'ರಿಸಾಲ್ವ್ಡ್' ಎಂದು ಬರೆದಿದ್ದರೆ ಸಾಲದು, ಅದಕ್ಕೆ ಕ್ವೆರಿ ಹಾಕಬೇಕು. ಔಷಧಿ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ) ಶೇ. 6.5ಕ್ಕಿಂತ ಕೆಳಗಿದ್ದರೆ ರೆಮಿಷನ್ ಎಂದು 2021ರಲ್ಲಿ ತಜ್ಞರು ಒಪ್ಪಿಕೊಂಡಿದ್ದಾರೆ. ಆದರೆ ಅದು ವೈದ್ಯರು ಬಳಸುವ ಅಳತೆ. ಲ್ಯಾಬ್ ರಿಪೋರ್ಟಿನಲ್ಲಿ 6.1 ಕಂಡು ಇ11.ಎ ಒತ್ತುವ ಹಕ್ಕು ನಮಗಿಲ್ಲ. ತೂಕ ಇಳಿಸುವ ಆಪರೇಷನ್ ಆದವರ ಚಾರ್ಟಿನಲ್ಲಿ ಈ ಆಸೆ ಹೆಚ್ಚು ಹುಟ್ಟುತ್ತದೆ.

ಕಣ್ಣಿಗೆ ಬೀಳದೆ ಉಳಿಯುವ ಜಾಗಗಳನ್ನೂ ಹೇಳಿದೆ. ಟೆಂಪ್ಲೇಟು, 'ಫೇವರಿಟ್ಸ್' ಪಟ್ಟಿ, ಪ್ರಾಬ್ಲಮ್ ಲಿಸ್ಟಿನಲ್ಲಿ ವರ್ಷಗಳಿಂದ ಕೂತ ಕೋಡು, ಜುಲೈಯಲ್ಲಿ ಬರೆದ ಎಂಆರ್‌ಐ ಆರ್ಡರು, ವಿಮಾ ಕಂಪೆನಿಯಿಂದ ಮುಂಚಿತವಾಗಿ ತೆಗೆದುಕೊಂಡ ಒಪ್ಪಿಗೆ. ಜಿ35 ಎಂದು ಬರೆದ ಜುಲೈಯ ಆರ್ಡರಿಗೆ ಅಕ್ಟೋಬರ್ 6ರಂದು ಸ್ಕ್ಯಾನ್ ಆದರೆ ಜಿ35 ನಡೆಯುವುದಿಲ್ಲ. ಒಪ್ಪಿಗೆಯ ಕಾಗದದಲ್ಲಿ ಒಂದು, ಬಿಲ್ಲಿನಲ್ಲಿ ಇನ್ನೊಂದು ಇದ್ದರೆ ಅಲ್ಲೂ ಸಿಕ್ಕು. ರೋಗಿಗೆ ಚಿಕಿತ್ಸೆ ಆಗಿದ್ದರೂ ಬಿಲ್ಲು ಅವರ ಮನೆಗೇ ಹೋಗುವುದು ಇಂಥದ್ದರಿಂದ. ಸಾವಿರಾರು ಮೈಲಿ ದೂರದ ಯಾರೋ ಕಾಯಿಲೆಯವರು ಲಕೋಟೆ ಒಡೆದು ಹೆದರುತ್ತಾರೆ. ಅದು ನೆನಪಿರಲಿ ಎಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಏಪ್ರಿಲ್ 1ಕ್ಕೂ ಸಣ್ಣದೊಂದು ಬದಲಾವಣೆ ಬರಬಹುದು, ಅದನ್ನು ಆಗ ನೋಡಿದರಾಯಿತು.

ಫೋನಿಟ್ಟ ಮೇಲೆ ಬೇರೆಯೇ ಯೋಚನೆ. ಅಲ್ಲಿನ ಪಕ್ಕೆನೋವಿಗೆ ಎಡ, ಬಲ, ಎರಡೂ, ತಿಳಿಯದು ಎಂದು ನಾಲ್ಕು ಕೋಡು. ಇಲ್ಲಿನ ರೋಗಗಳಿಗೆ? ಮಂಗನ ಕಾಯಿಲೆಗೆ ಎ98.2 ಉಂಟು, ಕ್ಯಾಸನೂರಿನ ಹೆಸರಿನಲ್ಲೇ. ಡೆಂಗಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಎ90, ಎ91 ತೆಗೆದು ಎ97 ತಂದರು, ಅಪಾಯದ ಲಕ್ಷಣ ಇಲ್ಲದ್ದು, ಇರುವುದು, ತೀವ್ರ ಎಂದು ವಿಂಗಡಿಸಿ. ಅಮೆರಿಕದ ಪಟ್ಟಿಯಲ್ಲಿ ಇನ್ನೂ ಎ90, ಎ91. ಎರಡೂ ಕಡೆಯ ಕೆಲಸ ಮಾಡುವವರು ಇಲ್ಲಿ ಎಡವುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿ ಐಸಿಡಿ-11 ಜಾರಿಗೆ ಬಂದದ್ದು 2022ರ ಜನವರಿಯಲ್ಲಿ, ಅದರಲ್ಲಿ ಡೆಂಗಿಯ ಈ ಮೂರು ಬಗೆಗೆ 1ಡಿ20, 1ಡಿ21, 1ಡಿ22.

ನಮ್ಮಲ್ಲಿ ಸಾವಿನ ಕಾರಣ ಬರೆಯುವ ಪ್ರಮಾಣಪತ್ರ ಆಸ್ಪತ್ರೆಯಲ್ಲಿ ತೀರಿಕೊಂಡವರಿಗೆ ಫಾರ್ಮ್ 4, ಮನೆಯಲ್ಲಾದರೆ 4ಎ. ಮೊದಲ ಭಾಗದ ಕೊನೆಯ ಸಾಲಿನಲ್ಲಿ ಮೂಲ ಕಾರಣ ಬರೆಯಬೇಕು. ಅಲ್ಲಿ 'ಹೃದಯ ನಿಂತಿತು' ಎಂದಷ್ಟೇ ಬರೆದರೆ ಐ46.9 ಬಿಟ್ಟು ಬೇರೇನೂ ಸಿಗುವುದಿಲ್ಲ. ಯಾರು ಸತ್ತರೂ ಹೃದಯ ನಿಲ್ಲುತ್ತದೆ. ಯಾವ ರೋಗದಿಂದ ಹೋದರೆಂಬುದು ಅಲ್ಲಿಗೆ ಕಳೆದುಹೋಯಿತು.

ಇನ್ನು ಇಲ್ಲೇ ಎಣ್ಮಕಜೆ, ಪಡ್ರೆ ಕಡೆಯವರದ್ದು, ಗೇರುತೋಟಕ್ಕೆ ಸಿಂಪಡಿಸಿದ ಎಂಡೋಸಲ್ಫಾನ್ ಬಾಧೆ. ಎಂಡೋಸಲ್ಫಾನ್ ಸೇರುವುದು ಟಿ60ಕ್ಕೆ, ಕೀಟನಾಶಕಗಳ ವಿಷಬಾಧೆ. ಅಮೆರಿಕದ ಪಟ್ಟಿಯಲ್ಲಿ ಏಳನೆಯ ಅಕ್ಷರ ಎ ಆದರೆ ಈಗಿನ ಚಿಕಿತ್ಸೆ, ಎಸ್ ಆದರೆ ಹಿಂದಿನದರ ಉಳಿಕೆ, ಅದೂ ಈಗಿರುವ ತೊಂದರೆಯ ಕೋಡನ್ನು ಮೊದಲು ಬರೆದು ಆಮೇಲೆ. ತಾಯಿಯ ಮೂಲಕ ಪರಿಸರದ ರಾಸಾಯನಿಕ ತಾಗಿದ ನವಜಾತ ಶಿಶುವಿಗೆ ಪಿ04.6. ಹುಟ್ಟಿನಿಂದ ಬಂದ ಅಂಗದೋಷಕ್ಕೆ ಕ್ಯೂ ಅಧ್ಯಾಯ. ಕೋಡುಗಳು ಇಲ್ಲವೆಂದಲ್ಲ. ಆದರೆ ಒಂದೇ ಮಗುವಿನ ಕಾಗದದಲ್ಲಿ ಇವೆಲ್ಲ ಒಟ್ಟಿಗೆ ಬರಬೇಕಾದರೆ ಒಬ್ಬ ವೈದ್ಯರು ಅವುಗಳ ನಡುವಿನ ಸಂಬಂಧವನ್ನು ಬರೆದು ಸಹಿ ಹಾಕಿರಬೇಕು. ಸಂಬಂಧ ಬರೆಯದಿದ್ದರೆ ಕ್ಯೂ ಮಾತ್ರ ಉಳಿಯುತ್ತದೆ, ಟಿ60 ಎಲ್ಲೂ ಕಾಣುವುದಿಲ್ಲ, ಇಪ್ಪತ್ತು ವರ್ಷ ಬಿಟ್ಟು ಲೆಕ್ಕ ತೆಗೆಯುವವರಿಗೆ ಈ ಊರು ಬೇರೆ ಊರಿನ ಹಾಗೆಯೇ ಕಾಣುತ್ತದೆ. ಹಳೆಯ ಡಿಸ್ಚಾರ್ಜ್ ಕಾಗದಗಳನ್ನು ಇಟ್ಟುಕೊಂಡ ಮನೆಗಳು ಇನ್ನೂ ಇವೆ. ಅವನ್ನು ಯಾರಾದರೂ ಕೂತು, ಒಂದೊಂದಾಗಿ, ದಿನಾಂಕದ ಪ್ರಕಾರ ಜೋಡಿಸಬೇಕು.