ಗೋಡೆಯ ಮೇಲಿನ ಗುರುತು

ಕಾಫಿ ಕಣದ ಗೋಡೆಗೆ ಇವತ್ತು ಹೊಸ ಗುರುತು ಬಿತ್ತು. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಹಾರಿದೆ. ಜೂನ್‌ ಗುರುತಿಗಿಂತ 4 ಸೆಂಟಿಮೀಟರ್ ಮೇಲೆ! 10 ವಾರದಲ್ಲಿ ತೂಕ 78ರಿಂದ 74ಕ್ಕೆ ಇಳಿದಿದೆ. ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದು) ಮಾತ್ರ ಅದೇ 100 ಕೆಜಿ. ನನಗೆ ಅದೇ ದೊಡ್ಡ ಖುಷಿ.

ಹೋದ ವರ್ಷ ಊಟ ಬಿಟ್ಟು, ಅವಸರದಲ್ಲಿ ತೂಕ ಇಳಿಸಿದ್ದೆ. ಕಾಲಲ್ಲಿ ಕಸುವೇ ಉಳಿದಿರಲಿಲ್ಲ. ಈ ಸಲ ವಾರಕ್ಕೆ ಅರ್ಧ ಕೆಜಿ ದಾಟಲಿಲ್ಲ. ವ್ಯಾಯಾಮದ ಸೆಟ್ (ಸುತ್ತು) ಕಡಿಮೆ ಮಾಡಿದೆ, ಎತ್ತುವ ಭಾರ ಕಡಿಮೆ ಮಾಡಲಿಲ್ಲ. ಅವ್ವ ಕಡಂಬುಟ್ಟು (ಅಕ್ಕಿ ಕಡುಬು) ಎರಡೇ ಬಡಿಸುತ್ತಾರೆ, ಪಂದಿ ಕರಿಯಲ್ಲಿ (ಹಂದಿ ಸಾರಿನಲ್ಲಿ) ಕೊಬ್ಬಿಲ್ಲದ ತುಂಡು ಹುಡುಕಿ ಹಾಕುತ್ತಾರೆ.

ನಮ್ಮ ಕೊಡಗಿನ ಪ್ರಮೀಳಾ ಅಯ್ಯಪ್ಪ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಹೆಪ್ಟಾಥ್ಲಾನ್‌ಗೆ ಇಳಿದವರು. ಏಳು ಸ್ಪರ್ಧೆ ಸೇರಿದ ಅದರಲ್ಲಿ ಉದ್ದ ಜಿಗಿತವೂ ಒಂದು. ಆ ಒಂದು ಜಿಗಿತದ ಹಿಂದೆ ಎಷ್ಟು ದಿನದ ಊಟ, ನಿದ್ದೆಯ ಲೆಕ್ಕ ಇತ್ತೋ ಅಲ್ವಾ?

ಮಳೆಗೆ ಅಳಿಸದಿರಲಿ ಅಂತ ಗುರುತನ್ನು ಮೊಳೆಯಲ್ಲಿ ಗೀಚಿ ಬಂದೆ.