ಮೂರನೇ ಲೈಟು ಎಲ್ಲಿಗೆ?

2009ರ ಮೇ ತಿಂಗಳಲ್ಲಿ ಯಲ್ಲಾಪುರದ ಕಾಡಿನೊಳಗಿನ ಒಂದು ಮನೆಗೆ ಸೋಲಾರ್ ಹಾಕಲು ಹೋಗಿದ್ದೆ. ಜೀಪು ಹಳ್ಳದ ತನಕ ಮಾತ್ರ. ಆಮೇಲೆ ಬ್ಯಾಟರಿಯನ್ನು ದೊಣ್ಣೆಗೆ ಕಟ್ಟಿ ಇಬ್ಬರು ಹೊತ್ತೆವು. ಆಸಿಡ್ ಚೆಲ್ಲೀತು ಅಂತ ಓರೆ ಮಾಡುವ ಹಾಗಿಲ್ಲ. ಪ್ಯಾನೆಲ್ ಹೊತ್ತವನಿಗೆ ಆರಾಮ, ಗೊಣಗಿದ್ದು ಮಾತ್ರ ಅವನೇ ಜಾಸ್ತಿ.

ಹರೀಶ್ ಹಂದೆಯವರ ಸೋಲಾರ್ ಕಂಪನಿ ಸೆಲ್ಕೋ 1995ರಲ್ಲಿ ಶುರುವಾಯಿತು. ಬ್ಯಾಂಕ್ ಸಾಲ ಕೊಡಿಸಿ, ದುಡ್ಡು ಬರುವ ಹೊತ್ತಿಗೆ ಕಂತು ಕಟ್ಟುವ ಹಾಗೆ ಮಾಡಿದರೆ ಬಡವರೂ ಸೋಲಾರ್ ಕೊಳ್ಳಬಹುದು ಅಂತ ತೋರಿಸಿದ್ದು ಅವರೇ. ನಾನು ಕೆಲಸಕ್ಕಿದ್ದದ್ದು ಬೇರೆ ಕಡೆ, ಆದರೂ ದಾರಿ ಅದೇ. ಈ ಮನೆಯಲ್ಲೂ ಅಡಿಕೆ ಮಾರಿದ ಮೇಲೆ ಕಂತು.

ಮಾಡಿನ ಮೇಲೆ ಹಲಸಿನ ಕೊಂಬೆಯ ನೆರಳು. ಪ್ಯಾನೆಲ್‌ನ ಒಂದು ಮೂಲೆಗೆ ತಾನೆ ಅನ್ನಬೇಡಿ. ಅದರ ಸೆಲ್‌ಗಳು ಸರಪಳಿಯ ಹಾಗೆ ಒಂದಕ್ಕೊಂದು ಜೋಡಿಸಿರುತ್ತವೆ. ಒಂದಕ್ಕೆ ನೆರಳು ಬಿದ್ದರೆ ಉಳಿದವುಗಳ ಕರೆಂಟೂ ಇಳಿಯುತ್ತದೆ. ಕೊಂಬೆ ಕಡಿಯಲು ಅಜ್ಜಿ ಒಪ್ಪಲಿಲ್ಲ. ಅಂಗಳದಲ್ಲಿ ಕಂಬ ನೆಟ್ಟೆವು.

ಒಟ್ಟು ಮೂರು ಲೈಟು. ಅಡುಗೆಮನೆಗೊಂದು, ಮಕ್ಕಳು ಓದುವ ಕೋಣೆಗೊಂದು. ಮೂರನೆಯದು ಜಗಲಿಗೆ ಅಂದರು ಯಜಮಾನರು. ಅಜ್ಜಿ ಬಾಗಿಲ ಹತ್ತಿರ ನಿಂತು, "ತಮ್ಮಾ, ಕೊಟ್ಟಿಗೆಗೆ ಹಾಕು" ಅಂದರು.

ನಾನು ಜಗಲಿಗೇ ಹಾಕಿದೆ. ಕೊಟ್ಟಿಗೆ ದೂರ. 12 ವೋಲ್ಟಿನಲ್ಲಿ ತೆಳ್ಳಗಿನ ವೈರು ಉದ್ದವಾದಷ್ಟೂ ಬೆಳಕು ಮಂಕಾಗುತ್ತದೆ. ಕಾರಣ ಸುಳ್ಳಲ್ಲ. ಆದರೆ ದಪ್ಪ ವೈರು ಜೀಪಿನಲ್ಲೇ ಇತ್ತು, ಮತ್ತೆ ಹಳ್ಳ ದಾಟಿ ಹೋಗಿ ತರಲು ನನಗೆ ಸೋಮಾರಿತನ.

ಆಗಸ್ಟ್‌ನಲ್ಲಿ ಬ್ಯಾಟರಿ ನೀರು ನೋಡಲು ಮತ್ತೆ ಹೋದೆ. ವಾರಗಟ್ಟಲೆ ಮೋಡ, ಚಾರ್ಜ್ ಅಷ್ಟಕ್ಕಷ್ಟೇ. ಜಗಲಿಯಲ್ಲಿ ಹೋಲ್ಡರ್ ಖಾಲಿ. ಬಲ್ಬ್ ಹೋಯಿತಾ ಅಂತ ಕೇಳಿದೆ. ಅಜ್ಜಿ ಒಳಗಿಂದ ಅಕ್ಕಿ ಡಬ್ಬ ತಂದರು. ಬಟ್ಟೆ ಸುತ್ತಿದ ಬಲ್ಬ್ ಅದರೊಳಗೆ.

"ಜಗಲಿಯಲ್ಲಿ ಎಲೆ ಅಡಿಕೆ ಹಾಕ್ತಾ ಕೂರೋರಿಗೆ ಬೆಳಕು ಯಾಕೆ? ನಾನು ಬೆಳಗಿನ ಜಾವ ಚಿಮಣಿ ಹಿಡ್ಕೊಂಡು ಹಾಲು ಕರೀತೇನೆ. ಮೊನ್ನೆ ಹುಲ್ಲಿನಲ್ಲಿ ಕನ್ನಡಿಹಾವು ಇತ್ತು."

ಅವತ್ತು ದಪ್ಪ ವೈರು ತರಲು ಮಳೆಯಲ್ಲೇ ಹಳ್ಳ ದಾಟಿದೆ. ಸ್ವಿಚ್ಚನ್ನು ಕೊಟ್ಟಿಗೆಯ ಬಾಗಿಲಲ್ಲಿ ಕೂರಿಸಲು ಹೊರಟರೆ ಅಜ್ಜಿ ಮತ್ತೆ ತಡೆದರು. ಅಡುಗೆಮನೆಯಲ್ಲೇ ಇರಲಿ, ಕಾಲಿಡುವ ಮೊದಲೇ ಬೆಳಕಾಗಬೇಕು, ಅಲ್ವಾ?