ಮಣ್ಣಿನ ಬ್ಯಾಕ್ಟೀರಿಯಾದಿಂದ ಬಣ್ಣ ತೆಗೆಯುವ ಕೆಲಸ

ನಮ್ಮ ಲ್ಯಾಬ್‌ಗೆ ಹೊಸದಾಗಿ ಸೇರಿದವರು ಯಾವುದಾದರೂ ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ಚಪ್ಪಟೆ ತಟ್ಟೆ) ತೋರಿಸಿ ಕೇಳುವ ಮೊದಲ ಪ್ರಶ್ನೆ, "ಈ ಬ್ಯಾಕ್ಟೀರಿಯಾದ ಬಣ್ಣ ಯಾವುದು?" ನಾನು ತಿರುಗಿ ಕೇಳುತ್ತೇನೆ: ಎಷ್ಟು ಡಿಗ್ರಿಯಲ್ಲಿ? ಏನು ತಿಂದು? ಎಷ್ಟು ದಿನದ ಮೇಲೆ? ಮಣ್ಣಿನ ಬ್ಯಾಕ್ಟೀರಿಯಾ ಬೆಳೆಸಿ ಬಟ್ಟೆಗೆ ಹಾಕುವ ಬಣ್ಣ ತೆಗೆಯುವ ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿಷಯ ಇದೇ. ಬರೀ ಬ್ಯಾಕ್ಟೀರಿಯಾದ ಹೆಸರು ಗೊತ್ತಿದ್ದರೆ ಬಣ್ಣ ಗೊತ್ತಾಗಲ್ಲ.

ಸೆರೇಷಿಯಾ ಮಾರ್ಸೆಸೆನ್ಸ್ ಅನ್ನೋ ಬ್ಯಾಕ್ಟೀರಿಯಾ ತಗೊಳ್ಳಿ. ಮಣ್ಣಲ್ಲೂ ಸಿಗುತ್ತದೆ, ನೀರಲ್ಲೂ ಸಿಗುತ್ತದೆ. 28-30 ಡಿಗ್ರಿಯಲ್ಲಿ ಬೆಳೆಸಿದರೆ ಪ್ಲೇಟ್ ತುಂಬಾ ರಕ್ತಗೆಂಪು. ಅದೇ ಕಲ್ಚರನ್ನು (ಬೆಳೆಸಿಟ್ಟ ಬ್ಯಾಕ್ಟೀರಿಯಾವನ್ನು) 37 ಡಿಗ್ರಿಯಲ್ಲಿ ಇಟ್ಟರೆ ಚೆನ್ನಾಗಿಯೇ ಬೆಳೆಯುತ್ತದೆ, ಆದರೆ ಬೆಳ್ಳಗೆ. ಸತ್ತಿಲ್ಲ, ಬೇರೆ ಜಾತಿಯದು ಬಂದು ಸೇರಿಕೊಂಡಿಲ್ಲ, ಪ್ರೊಡಿಜಿಯೊಸಿನ್ ಅನ್ನೋ ಕೆಂಪು ಬಣ್ಣ ತಯಾರಿಸುವುದನ್ನು ನಿಲ್ಲಿಸಿದೆ ಅಷ್ಟೇ. 1819ರಲ್ಲಿ ಇಟಲಿಯ ಪಡುವಾ ಹತ್ತಿರದ ಊರಲ್ಲಿ ಜನ ಮಾಡಿಟ್ಟ ಮೆಕ್ಕೆಜೋಳದ ಅಂಬಲಿಯ ಮೇಲೆ ರಕ್ತದ ಹಾಗೆ ಕೆಂಪು ಕಲೆ ಎದ್ದು, ದೆವ್ವದ ಕಾಟ ಅಂತ ಊರೆಲ್ಲ ಹೆದರಿತ್ತು. ಬಾರ್ತೊಲೊಮಿಯೊ ಬಿಜಿಯೊ ಅನ್ನುವವರು ಪರೀಕ್ಷೆ ಮಾಡಿ, ಇದು ಒಂದು ಸಣ್ಣ ಜೀವಿಯ ಕೆಲಸ ಅಂತ ತೋರಿಸಿಕೊಟ್ಟರು. ಬೆಚ್ಚಗಿನ ಹವೆ, ತೇವ, ಪಿಷ್ಟ, ಮೂರೂ ಅಲ್ಲಿ ಕೂಡಿಬಂದಿದ್ದವು.

ಊಟವೂ ಲೆಕ್ಕಕ್ಕೆ ಬರುತ್ತದೆ. ಬ್ಯಾಕ್ಟೀರಿಯಾ ಬೆಳೆಸೋಕೆ ಬಳಸುವ ಮಾಮೂಲಿ ದ್ರವ ಆಹಾರವಾದ ನ್ಯೂಟ್ರಿಯೆಂಟ್ ಬ್ರಾತ್‌ಗಿಂತ ಕಡಲೆಕಾಯಿ ಬೀಜದ ಪುಡಿ ಹಾಕಿದ ಬ್ರಾತ್‌ನಲ್ಲಿ ಸೆರೇಷಿಯಾದ ಈ ಕೆಂಪು ಬಣ್ಣ ಎಷ್ಟೋ ಪಟ್ಟು ಜಾಸ್ತಿ ಬರುತ್ತದೆ ಅಂತ ಚೆನ್ನೈನ ಸಂಶೋಧಕರು 2004ರಲ್ಲೇ ಪ್ರಕಟಿಸಿದ್ದಾರೆ. ನೇರಳೆ ಬಣ್ಣದ ವಯೊಲಾಸಿನ್ ಕೊಡುವ ಕ್ರೊಮೊಬ್ಯಾಕ್ಟೀರಿಯಂಗೆ ಟ್ರಿಪ್ಟೊಫ್ಯಾನ್ ಅನ್ನೋ ಅಮೈನೊ ಆಮ್ಲ ಬೇಕು, ಜೊತೆಗೆ ಗಾಳಿ ಬೇಕು. ಆಮ್ಲಜನಕ ಇಲ್ಲದೆಯೂ ಅದು ಬದುಕುತ್ತದೆ, ಆದರೆ ನೇರಳೆ ಬರಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಸ್ಟ್ರೆಪ್ಟೊಮೈಸಿಸ್ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾ. ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆ ಇದೆಯಲ್ಲ, ಅದರಲ್ಲಿ ದೊಡ್ಡ ಪಾಲು ಇವು ತಯಾರಿಸುವ ಜಿಯೊಸ್ಮಿನ್ ಅನ್ನೋ ವಸ್ತುವಿನದು. ಮಣ್ಣನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ ಆಮೇಲೆ ಪ್ಲೇಟ್ ಮೇಲೆ ಹಾಕಿ ಬೆಳೆಸುತ್ತೇವೆ. ಒಣಗಿದಾಗ ಬೇಗ ಬೆಳೆಯುವ ಬ್ಯಾಕ್ಟೀರಿಯಾ ಬಹಳಷ್ಟು ಸಾಯುತ್ತವೆ, ಇವುಗಳ ಬೀಜಕಗಳು ಉಳಿಯುತ್ತವೆ. ಆಮೇಲೆ ಕಾಯಬೇಕು. ಮೊದಲ ಎರಡು ಮೂರು ದಿನ ಏನೂ ಕಾಣಲ್ಲ ಅಂತ ಪ್ಲೇಟ್ ಎಸೆಯುವ ಹುಡುಗರನ್ನು ನಾನು ತಡೆಯುತ್ತಲೇ ಇರುತ್ತೇನೆ. ವಾರದ ಹೊತ್ತಿಗೆ ಸುಣ್ಣದ ಪುಡಿ ಉದುರಿಸಿದ ಹಾಗೆ ಕಾಣುವ ಗಟ್ಟಿ ಕಾಲನಿಗಳು (ಬ್ಯಾಕ್ಟೀರಿಯಾದ ಗುಂಪುಗಳು) ಬರುತ್ತವೆ. ಪ್ಲೇಟ್‌ನಲ್ಲಿ ಹಾಕಿರುವ ಜೆಲ್ಲಿಯಂಥ ಅಗರ್‌ಗೆ ಎಷ್ಟು ಬಿಗಿಯಾಗಿ ಕಚ್ಚಿಕೊಂಡಿರುತ್ತವೆ ಅಂದರೆ ಲೂಪ್ ಅನ್ನೋ ತಂತಿಯ ಉಪಕರಣದಲ್ಲಿ ಕೀಳೋಕೆ ಹೋದರೆ ಅಗರ್ ಚೂರೂ ಜೊತೆಗೇ ಎದ್ದು ಬರುತ್ತದೆ. ಮೇಲಿಂದ ನೋಡಿದರೆ ಬರೀ ಬೂದು ಬಣ್ಣ. ಪ್ಲೇಟ್ ತಿರುವಿ ಹಾಕಿ ನೋಡಿ! ಸ್ಟ್ರೆಪ್ಟೊಮೈಸಿಸ್ ಕೋಲಿಕಲರ್ ಆಗಿದ್ದರೆ ಕೆಳಗೆ ಅಗರ್ ಒಳಗೆಲ್ಲ ನೀಲಿ ಇಳಿದಿರುತ್ತದೆ. ಆ ನೀಲಿ ಆಕ್ಟಿನೊರೋಡಿನ್. ಒಂದು ಹನಿ ಆಮ್ಲ ಬಿಟ್ಟರೆ ಅದೇ ನೀಲಿ ಕೆಂಪಾಗುತ್ತದೆ, ಕ್ಷಾರ ಬಿಟ್ಟರೆ ಮತ್ತೆ ನೀಲಿ. ಬ್ಯಾಕ್ಟೀರಿಯಾಗಳನ್ನು ಬಡಿಯುವ ಗುಣವೂ ಇದಕ್ಕಿದೆ. ಲಂಡನ್‌ನ ಡಿಸೈನರ್ ನತ್ಸಾಯ್ ಆಡ್ರೆ ಚಿಯೆಜಾ ಈ ಬ್ಯಾಕ್ಟೀರಿಯಾವನ್ನೇ ರೇಷ್ಮೆ ಬಟ್ಟೆಯ ಮೇಲೆ ಬೆಳೆಸಿ ಬಣ್ಣ ಹಾಕಿಸಿದ್ದಾರೆ.

ಬಟ್ಟೆಯ ವಿಷಯಕ್ಕೆ ಬಂದಾಗ ನನ್ನ ಪ್ರಶ್ನೆಗಳು ಇನ್ನೂ ಜಾಸ್ತಿಯಾಗುತ್ತವೆ. ಪ್ರೊಡಿಜಿಯೊಸಿನ್ ರೇಷ್ಮೆ, ಉಣ್ಣೆಗೆ ಚೆನ್ನಾಗಿ ಹಿಡಿಯುತ್ತದೆ. ಹತ್ತಿಗೆ ಹಿಡಿಸುವುದು ಕಷ್ಟ. ಅದು ನೀರಲ್ಲಿ ಕರಗಲ್ಲ, ಹಾಗಾಗಿ ಕೋಶಗಳಿಂದ ತೆಗೆಯೋಕೆ ಆಲ್ಕೋಹಾಲ್ ಬೇಕು. ಆಮ್ಲದಲ್ಲಿ ಗುಲಾಬಿ-ಕೆಂಪು, ಕ್ಷಾರದಲ್ಲಿ ಹಳದಿ. ಬಟ್ಟೆ ಸೋಪು ಕ್ಷಾರ ಅಲ್ವಾ? ಬಿಸಿಲಿಗೂ ಬೇಗ ಮಂಕಾಗುತ್ತದೆ. ಅದಕ್ಕೇ ಬಟ್ಟೆ ತುಂಡನ್ನು ಯಾರಿಗಾದರೂ ತೋರಿಸುವ ಮೊದಲು ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ ಕಿಟಕಿ ಹತ್ತಿರ ಇಡಿ, ಇನ್ನೊಂದನ್ನು ಸೋಪಿನ ನೀರಲ್ಲಿ ತೊಳೆಯಿರಿ ಅಂತ ಹೇಳುತ್ತೇನೆ. ಫೋಟೊದಲ್ಲಿ ಚೆನ್ನಾಗಿ ಕಾಣುವ ಬಣ್ಣಕ್ಕೂ ಉಟ್ಟುಕೊಳ್ಳುವ ಸೀರೆಯ ಬಣ್ಣಕ್ಕೂ ನಡುವೆ ಇರುವ ನಿಜವಾದ ಕೆಲಸ ಇದೇ. ಇದಕ್ಕೆ ಸಮಯ ಕೊಡದೆ "ನೈಸರ್ಗಿಕ ಬಣ್ಣ" ಅಂತ ಮಾರೋಕೆ ಹೊರಡುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ನೈಸರ್ಗಿಕ ಅಂದ ಕೂಡಲೇ ಐಸ್‌ಕ್ರೀಮ್‌ಗೂ ಹಾಕಬಹುದಾ ಅಂತ ಕೇಳುವವರು ಬಹಳ ಜನ. ಸೆರೇಷಿಯಾದ ಕೆಂಪನ್ನು ಖಂಡಿತ ಬೇಡ. ಈ ಬ್ಯಾಕ್ಟೀರಿಯಾ ಆಸ್ಪತ್ರೆಗಳಲ್ಲಿ ನಿತ್ರಾಣವಾಗಿರುವ ರೋಗಿಗಳಿಗೆ ಸೋಂಕು ತರುತ್ತದೆ. ಕ್ರೊಮೊಬ್ಯಾಕ್ಟೀರಿಯಂ ಮನುಷ್ಯರಿಗೆ ತಗಲುವುದು ಅಪರೂಪ, ಆದರೆ ತಗಲಿದರೆ ಪ್ರಾಣಕ್ಕೇ ಕುತ್ತು. ಪ್ರೊಡಿಜಿಯೊಸಿನ್ ಜೀವಕೋಶಗಳನ್ನು ಕೊಲ್ಲಬಲ್ಲದು, ಕ್ಯಾನ್ಸರ್ ಸಂಶೋಧಕರು ಅದರ ಹಿಂದೆ ಬಿದ್ದಿರುವುದೂ ಅದಕ್ಕೇ. ಹಾಗಾಗಿ ನಮ್ಮಲ್ಲಿ ಗ್ಲೌಸ್ ಇಲ್ಲದೆ ಯಾರೂ ಪ್ಲೇಟ್ ಮುಟ್ಟುವ ಹಾಗಿಲ್ಲ, ಕೆಲಸ ಮುಗಿದ ಕಲ್ಚರ್ 121 ಡಿಗ್ರಿಯಲ್ಲಿ ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಕಾಯಿಸಿ ಕೊಲ್ಲುವುದು) ಆಗದೆ ಸಿಂಕ್ ಕಡೆ ಹೋಗುವ ಹಾಗಿಲ್ಲ.